ಹೊದಿಕೆಯೊಳಗಿನ ಪಿನ್ನು

ದರ್ಜಿಯಮ್ಮನ ಅಂಗಡಿಯಲ್ಲಿ ಪಿನ್ನಿಗೆ ಬಿಡುವೇ ಇರಲಿಲ್ಲ. ಅಂಚು ಮಡಚಿ ಹಿಡಿಯಲು ಪಿನ್ನು, ಅಳತೆಯ ಚೀಟಿ ಸಿಕ್ಕಿಸಲು ಪಿನ್ನು, ಬೆರಳಿಗೆ ಸಿಬಿರು ಚುಚ್ಚಿದರೆ ಕೆದಕಿ ತೆಗೆಯಲೂ ಅದೇ. ಕೆಲಸ ಮಾಡುವಾಗ ಅವನ್ನೆಲ್ಲ ತುಟಿಗಳ ನಡುವೆ ಕಚ್ಚಿಕೊಂಡಿರುವುದು ಅವಳ ರೂಢಿ.

"ನಮ್ಮತ್ತಿಗೆ ಬಾಯಿ ಮುಚ್ಚಿಸೋಕೆ ಆ ಪಿನ್ನಿಗೇ ಸಾಧ್ಯ," ಎಂದು ಇಸ್ತ್ರಿ ಮಾಡುತ್ತಿದ್ದ ನಾದಿನಿ ಆ ಬೆಳಿಗ್ಗೆ ಛೇಡಿಸಿದ್ದಳು. ನಗು ತಡೆಯಲಾರದೆ ದರ್ಜಿಯಮ್ಮ ಪಿನ್ನುಗಳನ್ನು ಬಾಯಿಂದ ತೆಗೆದು, ಪಕ್ಕದಲ್ಲಿ ಹರಡಿದ್ದ ಹತ್ತಿಯ ಪದರಕ್ಕೆ ಚುಚ್ಚಿದ್ದಳು.

ಅದು ನೆನಪಾದದ್ದು ಮಧ್ಯಾಹ್ನ ಊಟಕ್ಕೆ ಕೂತಾಗ. ಆ ಹತ್ತಿ ಹಿಂದಿನ ಬೀದಿಯ ಹಸುಗೂಸಿನ ಹೊದಿಕೆಯೊಳಗೆ ಸೇರಿತ್ತು. ಹೊದಿಕೆ ಅವರ ಮನೆಗೂ ಹೋಗಿಯಾಗಿತ್ತು.

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು ಎದ್ದಳು. "ಅತ್ತಿಗೆ, ಎಲ್ಲಿಗೆ?" ಎಂದು ನಾದಿನಿ ಕೂಗುತ್ತಿದ್ದಂತೆಯೇ ಅವಳು ಬರಿಗಾಲಲ್ಲಿ ಓಡಿದಳು. ದಾರಿಯುದ್ದಕ್ಕೂ ಮಗು ಕಿರುಚಿದಂತೆ ಕೇಳಿಸುತ್ತಿತ್ತು. ಆ ಮನೆಯ ಬಾಗಿಲಿಗೆ ಬಂದರೆ ಒಳಗೆ ಸದ್ದೇ ಇಲ್ಲ. ಅವಳು ಬಾಗಿಲು ಬಡಿದಳು.

ಬಾಗಿಲು ತೆರೆದದ್ದು ಮಗುವಿನ ಅಜ್ಜಿ. ಕೆನ್ನೆಯ ಮೇಲೆ ಕೆಂಪು ಗೀರು.

"ಮೆಲ್ಲಗೆ ತಾಯಿ, ಮಲಗಿದೆ."

"ಅಜ್ಜೀ... ಹೊದಿಕೇಲಿ ಪಿನ್ನು..."

"ಸಿಕ್ತು ಬಿಡು. ಹೊಸ ಬಟ್ಟೇನ ನನ್ನ ಕೆನ್ನೆಗೆ ಉಜ್ಜಿ ನೋಡದೆ ಕೂಸಿಗೆ ಹೊದಿಸೋಳಲ್ಲ ನಾನು. ಬೆಕ್ಕು ಪರಚಿತು ಅಂತ ಸೊಸೆಗೆ ಹೇಳಿದೀನಿ. ನೀನೂ ಹಾಗೇ ಅನ್ನು."

ಅಜ್ಜಿ ಸೆರಗಿನ ಗಂಟು ಬಿಚ್ಚಿ ಪಿನ್ನನ್ನು ಅವಳ ಅಂಗೈಗಿಟ್ಟಳು. ದರ್ಜಿಯಮ್ಮನ ಕಣ್ಣು ತುಂಬಿತು. ಮರುಕ್ಷಣವೇ ಅಂಗೈಯ ಪಿನ್ನನ್ನು ದಿಟ್ಟಿಸಿದಳು.

"ಒಂದೇನಾ ಸಿಕ್ಕಿದ್ದು?"

"ಯಾಕೆ, ಇನ್ನೂ ಇತ್ತಾ?"

"ಎಷ್ಟಿದ್ವೋ ಗೊತ್ತಿಲ್ಲ ಅಜ್ಜೀ. ನಗ್ತಾ ಚುಚ್ಚಿಬಿಟ್ಟೆ."

ಇಬ್ಬರೂ ಒಳಗೆ ಧಾವಿಸಿದರು. ಮಗು ಹೊದಿಕೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಯ ಹತ್ತಿರ ಎಳೆದುಕೊಂಡಿತ್ತು. ಅಜ್ಜಿ ಉಸಿರು ಬಿಗಿಹಿಡಿದು ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಗುವನ್ನೆತ್ತಿ ಹೆಗಲಿಗೆ ಹಾಕಿಕೊಂಡಳು.

ದರ್ಜಿಯಮ್ಮ ನೆಲದ ಮೇಲೆ ಕೂತು ಹೊಲಿಗೆ ಕಿತ್ತಳು. ಹತ್ತಿಯನ್ನು ಬರಿಗೈಯಲ್ಲಿ ಹಿಸುಕುತ್ತಾ, ಚುಚ್ಚಲಿ, ನನಗೇ ಚುಚ್ಚಲಿ ಎಂದು ಬೇಡಿಕೊಂಡಳು. ಮಗು ಎಳೆದುಕೊಂಡಿದ್ದ ಮೂಲೆಯಲ್ಲೇ ಅವಳ ಉಗುರಿನ ಕೆಳಗೆ ಚುರ್ರೆಂದಿತು.

"ಸಿಕ್ತು," ಎಂದಳು. ಪಿನ್ನನ್ನು ಎಳೆದು ತೆಗೆದಳು.

"ರಕ್ತ ಒರೆಸ್ಕೋ ಮಗಳೇ," ಎಂದಳು ಅಜ್ಜಿ, ಮಗುವನ್ನು ಹೆಗಲಿಂದ ಇಳಿಸದೆ. "ಇನ್ನೊಂದು ಸಲ ಹಿಸುಕಿ ನೋಡು."