ಒಳಗೆ ಬಂದವನು

"ಸ್ವಲ್ಪ ನಿಲ್ಸಮ್ಮಾ," ಎಂದರು ಮೇಷ್ಟ್ರು. "ಈಗ ಒಳಗೆ ಬಂದನಲ್ಲ, ಅವನು ಯಾರು?"

ಅವಳು ಚಿತ್ರವನ್ನು ನಿಲ್ಲಿಸಿದಳು. ಪರದೆಯ ಮೇಲೆ ಅರ್ಧ ತೆರೆದ ಬಾಗಿಲು, ಹೊಸ್ತಿಲ ಮೇಲೆ ಕಾಲಿಟ್ಟ ಗಂಡಸು, ಚಿಲಕ ಹಿಡಿದು ನಿಂತ ಹೆಂಗಸು.

"ಗಂಡ ಅಂತ ಹೇಳಿದೀನಲ್ಲ ಮೇಷ್ಟ್ರೇ."

"ನೀನು ಹೇಳಿದೀಯ. ಸಿನಿಮಾ ಹೇಳಿದ್ಯಾ?"

ಕಣ್ಣು ಕಾಣದವರು ಸಿನಿಮಾಕ್ಕೆ ಕೂತಾಗ, ಸಂಭಾಷಣೆಯ ನಡುವಿನ ಬಿಡುವಿನಲ್ಲಿ ಪರದೆಯ ಮೇಲೆ ಏನಾಗುತ್ತಿದೆಯೆಂದು ಕಿವಿಯಲ್ಲಿ ಹೇಳುವ ದನಿಯೊಂದಿರುತ್ತದೆ. ಆ ದನಿ ಅವಳದು, ಬರೆಯುವವಳೂ ಅವಳೇ. ಬರೆದದ್ದನ್ನು ಮೊದಲು ಕೇಳಿ ಒಪ್ಪಿಗೆ ಕೊಡುವವರು ಮೇಷ್ಟ್ರು. ನಡುವಯಸ್ಸಿನಲ್ಲಿ ದೃಷ್ಟಿ ಹೋಗುವ ತನಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಈಗಲೂ ಉತ್ತರಕ್ಕಿಂತ ಅದು ಹೇಗೆ ಬಂತು ಎಂಬುದರ ಮೇಲೇ ಅವರ ಜಗಳ. ಈ ಕೆಲಸದ ನಿಯಮ ಒಂದೇ: ಕಂಡದ್ದನ್ನು ಹೇಳು, ಊಹಿಸಿದ್ದನ್ನು ಹೇಳಬೇಡ.

ಈ ಸಿನಿಮಾದಲ್ಲಿ ಅದು ಹೇಳಿದಷ್ಟು ಸುಲಭವಿರಲಿಲ್ಲ. ಬೀಗ ರಿಪೇರಿಯವನೊಬ್ಬ ಯಾರದೋ ಮನೆಯ ಬಾಗಿಲು ತೆರೆಯಲು ಹೋಗುತ್ತಾನೆ. ತೆರೆದರೆ ಒಳಗೆ ಕುರ್ಚಿಯಲ್ಲಿ ಅವನದೇ ಮುಖದ ಇನ್ನೊಬ್ಬ ಕೂತಿದ್ದಾನೆ. ಅಲ್ಲಿಂದ ಶುರು ಪೀಕಲಾಟ. ಇವನ ಅಂಗಿ ಅವನು ತೊಡುತ್ತಾನೆ, ಅವನ ಕೆಲಸಕ್ಕೆ ಇವನು ಹೋಗುತ್ತಾನೆ. ಕೊನೆಗೆ ಸೇತುವೆಯ ಮೇಲೆ ಇಬ್ಬರೂ ಕೈಕೈ ಮಿಲಾಯಿಸಿ ಒಬ್ಬ ನೀರಿಗೆ ಬೀಳುತ್ತಾನೆ. ಉಳಿದವನು ಬೀಗದವನ ಮನೆಗೆ ಬಂದು ಬೆಲ್ ಒತ್ತುತ್ತಾನೆ, ಹೆಂಡತಿ ಬಾಗಿಲು ತೆರೆಯುತ್ತಾಳೆ, ಕಥೆ ಮುಗಿಯಿತು. ಬಂದವನು ಯಾರೆಂದು ನಿರ್ದೇಶಕನಿಗಾದರೂ ಗೊತ್ತೋ ಇಲ್ಲವೋ, ಪುಣ್ಯಾತ್ಮ ಬಾಯಿ ಬಿಡುತ್ತಿಲ್ಲ.

"ಅನುಮಾನ ಪಡೋದೇ ಈ ಸಿನಿಮಾದ ಸುಖ ಕಣಮ್ಮ," ಎಂದರು ಮೇಷ್ಟ್ರು. "ಕಣ್ಣಿದ್ದೋರಿಗೆ ಅನುಮಾನ ಕೊಟ್ಟು ನನಗೆ ಮಾತ್ರ ಉತ್ತರ ಕೊಟ್ರೆ ಹೇಗೆ? ನೀನು ಇಂಥ ತಪ್ಪು ಮಾಡೋಳಲ್ಲ. ಯಾಕೆ ಗಂಡ ಅಂದೆ?"

"ಗೊತ್ತಿಲ್ಲ."

"ಮನೇಲಿ ಇನ್ನೊಂದ್ಸಲ ಕೂತು ನೋಡು. ಸೋಮವಾರ ದನಿ ಕೊಡುವಿಯಂತೆ."

ಗೊತ್ತಿಲ್ಲ ಎಂದದ್ದು ಸುಳ್ಳು. ಹೋದ ತಿಂಗಳು ಅವಳ ಮನೆಯ ಬೆಲ್ಲೂ ಹೀಗೆಯೇ ಸದ್ದು ಮಾಡಿತ್ತು. ಎರಡು ವರ್ಷದ ಹಿಂದೆ ಇನ್ನೊಬ್ಬಳ ಜೊತೆ ಹೋಗಿದ್ದ ಗಂಡ ಒಂದು ಚೀಲ ಹಿಡಿದು ನಿಂತಿದ್ದ. ಅವಳು ಏನೂ ಕೇಳದೆ ಪಕ್ಕಕ್ಕೆ ಸರಿದಳು. "ಹೋದ ಪುಟ್ಟ, ಬಂದ ಪುಟ್ಟ ಅಂತ ಒಳಗೆ ಬಿಟ್ಕೊಂಡ್ಯಲ್ಲೇ, ನಿನಗೆ ಬುದ್ಧಿ ಇದ್ಯಾ?" ಎಂದು ಅಕ್ಕ ಫೋನಿನಲ್ಲಿ ಮಂಗಳಾರತಿ ಎತ್ತಿದಳು.

ಆದರೆ ಹೋದ ಪುಟ್ಟನೇ ಬಂದಿದ್ದರೆ ಅವಳಿಗೆ ತಲೆನೋವೇ ಇರುತ್ತಿರಲಿಲ್ಲ. ಹೋದವನಿಗೆ ಮೂಗಿನ ತುದಿಯಲ್ಲೇ ಕೋಪ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುತ್ತಿದ್ದ, ಅವಳ ತಟ್ಟೆಗೇ ಕೈ ಹಾಕುತ್ತಿದ್ದ, ಬೆಳಗ್ಗೆ ಜಗಳವಾಡಿ ಸಂಜೆ ಮರೆಯುತ್ತಿದ್ದ. ಬಂದವನು ತನ್ನ ಲೋಟ ತಾನೇ ತೊಳೆದಿಟ್ಟ. ಫ್ರಿಜ್ ಮುಟ್ಟುವ ಮೊದಲು "ತೆಗೀಲಾ?" ಎಂದು ಕೇಳಿದ. ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಒಬ್ಬಳೇ ಇದ್ದಾಗಲೂ ಅವಳಿಗೆ ಆ ಮನೆ ಇಷ್ಟು ಖಾಲಿ ಅನಿಸಿರಲಿಲ್ಲ.

ಮೊನ್ನೆ ಅವನೇ ಮಾತು ತೆಗೆದ. "ಒಂದು ರೂಮ್ ನೋಡಿದೀನಿ. ಭಾನುವಾರ ಸಂಜೆಯೊಳಗೆ ಅವರಿಗೆ ಹೇಳ್ಬೇಕು. ನೀನು ಇರು ಅಂದ್ರೆ ಇರ್ತೀನಿ, ಹೋಗು ಅಂದ್ರೆ ಹೋಗ್ತೀನಿ." ಅವಳ ಪಾಲಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದೇ ಒಂದು ಸಲ ಹಳೆಯವನು ಹೊರಗೆ ಬಂದು ರೇಗಲಿ, ಇರು ಎಂದುಬಿಡುತ್ತೇನೆ ಎಂದು ಅವಳು ಕಾದಳು. ಅವನು ರೇಗಲಿಲ್ಲ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅವಳು ಆ ಕೊನೆಯ ದೃಶ್ಯವನ್ನು ಮತ್ತೆ ಮತ್ತೆ ಓಡಿಸುತ್ತಿದ್ದಳು. ಅವನು ಬಾಲ್ಕನಿಯಿಂದ ಒಣಗಿದ ಬಟ್ಟೆ ತಂದು ಕುರ್ಚಿಯ ಮೇಲಿಟ್ಟು, ಹಿಂದೆ ನಿಂತು ನೋಡಿದ.

"ಯಾರಿವನು?" ಎಂದು ಕೇಳಿದಳು, ಕಥೆಯನ್ನೆಲ್ಲ ಹೇಳಿ. "ಬೀಗದವನಾ, ಇನ್ನೊಬ್ಬನಾ?"

"ಬೀಗದವನೇ."

"ಮತ್ತೆ ಬೆಲ್ ಯಾಕೆ ಒತ್ತುತ್ತಾನೆ? ಊರಿನ ಬೀಗ ಎಲ್ಲಾ ತೆಗೆಯೋನು."

"ಹೋಗಿ ಬಂದೋನು ಬೆಲ್ ಒತ್ತಲೇಬೇಕು. ಕೀ ಜೇಬಲ್ಲಿದ್ರೂ ಕೈ ಬರಲ್ಲ." ಬಗ್ಗಿ ಪರದೆ ನೋಡಿ, "ಇದಕ್ಕೆ ಮೊದಲು ಇವಳು ಬಾಗಿಲು ತೆಗೆಯೋ ಸೀನ್ ಇದ್ರೆ ತೋರಿಸು," ಎಂದ.

ಅವಳು ಸಿನಿಮಾದ ಆರಂಭಕ್ಕೆ ಹೋದಳು. ಅಲ್ಲೂ ಅದೇ ಬಾಗಿಲು. ಅವನು ಕೀ ಹಾಕುವಷ್ಟರಲ್ಲಿ ಹೆಂಡತಿ ಬಾಗಿಲು ತೆಗೆದವಳೇ, ಬಂದವನ ಮುಖ ಕೂಡ ನೋಡದೆ, ಏನೋ ಗೊಣಗುತ್ತ ಬೆನ್ನು ತಿರುಗಿಸಿ ಒಳಗೆ ನಡೆಯುತ್ತಾಳೆ. ಅವನು ಅವಳ ಹಿಂದೆಯೇ ಬರುತ್ತಾನೆ. ಮತ್ತೆ ಕೊನೆಯ ದೃಶ್ಯ. ಇಲ್ಲಿ ಹೆಂಡತಿ ಚಿಲಕದ ಮೇಲಿನ ಕೈ ತೆಗೆಯುವುದಿಲ್ಲ. ನಿಂತು ನೋಡುತ್ತಾಳೆ, ಅತಿಥಿಗೆ ಸರಿದಂತೆ ಸರಿಯುತ್ತಾಳೆ.

"ನೀನು ಅವನನ್ನೇ ನೋಡ್ತಾ ಇದೀಯ," ಎಂದ ಅವನು. "ಇವಳನ್ನ ನೋಡೇ ಇಲ್ಲ. ಇವಳು ಮೊದಲಿನವಳೇನಾ?"

ಅವಳು ತಾನು ಬರೆದದ್ದನ್ನು ತೆರೆದಳು. 'ಹೆಂಡತಿ ಬಾಗಿಲು ತೆರೆಯುತ್ತಾಳೆ.' ಎರಡೂ ಕಡೆ ಅದೇ ಸಾಲು. ಎರಡನೆಯದನ್ನು ಅವಳು ಬರೆದಿರಲೂ ಇಲ್ಲ, ಮೇಲಿನಿಂದ ಎತ್ತಿ ಕೆಳಗಿಟ್ಟಿದ್ದಳು. ನೋಡುವುದೇ ಕಸುಬಾದವಳಿಗೆ ನಾಚಿಕೆಯಾಯಿತು.

"ನಾನೂ ಹಿಂಗೇ ಆಗಿದೀನಾ?"

ಅವನು ಪರದೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. "ನಾನು ಬಂದಾಗಿನಿಂದ ನೀನು ಒಂದ್ಸಲಾನೂ ಬೈದಿಲ್ಲ. ಸಾಕಾ, ಬೇಕಾ ಅಂತ ಕೇಳಿ ಬಡಿಸ್ತೀಯ. ಮೊದಲನೇ ದಿನಾನೇ ಯಾಕೋ ಹೆದರಿಕೆ ಆಯ್ತು. ಅದಕ್ಕೇ ನಾನೂ ಎಲ್ಲಾ ಕೇಳಿ ಕೇಳಿ ಮಾಡೋದು."

ಅವಳು ಬೈಗುಳಕ್ಕಾಗಿ ತನ್ನೊಳಗೆ ಹುಡುಕಿದಳು. ಎರಡು ವರ್ಷ ಕೂಡಿಟ್ಟದ್ದು ಎಲ್ಲೋ ಇರಲೇಬೇಕು. ಮೊದಲ ಚಳಿಗಾಲದಲ್ಲಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತವಳು, ಅವನ ಅಂಗಿಗಳನ್ನು ಒಗೆಯದೆ ಇಟ್ಟುಕೊಂಡವಳು, ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಎದ್ದು ಕೂರುತ್ತಿದ್ದವಳು ಎಲ್ಲಿ ಹೋದಳು? ಯಾವಾಗ ಹೋದಳೆಂದೂ ನೆನಪಿಲ್ಲ. ಅವಳು ಇದ್ದಿದ್ದರೆ ಇವನನ್ನು ಹೊಸ್ತಿಲಲ್ಲೇ ಹಿಡಿದು ಜಾಡಿಸಿ, ಆಮೇಲೆ ತಬ್ಬಿಕೊಳ್ಳುತ್ತಿದ್ದಳು. ಅವಳನ್ನು ನೆನೆದು ಇವಳಿಗೆ ದುಃಖವಾಯಿತು.

"ರೂಮ್ ತಗೋ," ಎಂದಳು.

"ಸಿಟ್ಟಲ್ಲಿ ಹೇಳ್ತಿದೀಯಾ?"

"ಸಿಟ್ಟಿದ್ದಿದ್ರೆ ಇರು ಅಂತಿದ್ದೆ."

ಅವನು ತಲೆಯಾಡಿಸಿದ. ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಯಾರೊಡನೆಯೋ ಮೆಲ್ಲಗೆ ಮಾತನಾಡಿದ. ಅವಳು ಕೊನೆಯ ದೃಶ್ಯದ 'ಗಂಡ', 'ಹೆಂಡತಿ' ಎರಡನ್ನೂ ಅಳಿಸಿ, 'ಅವಳು ಬಾಗಿಲು ತೆರೆಯುತ್ತಾಳೆ, ನಿಂತು ನೋಡುತ್ತಾಳೆ' ಎಂದು ಬರೆದಳು.

ಅವನ ಚೀಲ ತುಂಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಅಲ್ಲಿ ಬರೀ ಮಂಚ ಇದೆ," ಎಂದ. ಅವಳು ಕುರ್ಚಿಯ ಮೇಲಿನ ಬಟ್ಟೆಗಳಿಂದ ದೊಡ್ಡ ಹೊದಿಕೆಯನ್ನು ಎಳೆದು ಎರಡು ತುದಿ ತಾನು ಹಿಡಿದಳು. ಅವನು ಉಳಿದೆರಡು ಹಿಡಿದು ಬಾಗಿಲವರೆಗೆ ಹಿಂದೆ ಸರಿದ. ಇಬ್ಬರೂ ಒಟ್ಟಿಗೇ ಒಂದು ಸಲ ಕೊಡವಿದರು. ಯಾರು ಮುಂದೆ ಬರಬೇಕು, ಯಾರು ನಿಲ್ಲಬೇಕು ಎಂದು ಯಾರೂ ಕೇಳಲಿಲ್ಲ. ಅವನು ನಡೆದು ಬಂದು ತನ್ನ ತುದಿಗಳನ್ನು ಅವಳ ಬೆರಳಿಗೆ ಕೊಟ್ಟು, ಬಗ್ಗಿ ಮಡಿಕೆ ಎತ್ತಿಕೊಂಡು ಹಿಂದೆ ಹೋದ. ಮತ್ತೆ ಬಂದ, ಮತ್ತೆ ಹೋದ. ಪ್ರತಿ ಸಲವೂ ದೂರ ಕಡಿಮೆಯಾಯಿತು. ಕೊನೆಯ ಮಡಿಕೆಗೆ ಇಬ್ಬರ ಕೈಗಳೂ ಕೂಡಿದವು. ಹೊದಿಕೆ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು.