ನಡುವೆ ಕೂತವಳು

ಆ ಒಂದು ಕುರ್ಚಿಗಾಗಿ ಟೇಲರಕ್ಕ ಎಷ್ಟು ಚಪ್ಪಲಿ ಸವೆಸಿದಳು ಅಂತ ಅವಳ ಜನ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ ಮೇಜಿಗೂ ರೋಗಿ ಕೂರುವ ಸ್ಟೂಲಿಗೂ ನಡುವೆ ಹಾಕಿದ ಪ್ಲಾಸ್ಟಿಕ್ ಕುರ್ಚಿ ಅದು. ಆ ಊರಲ್ಲಿ ಅವರ ಜನ ಅಂದರೆ ಎರಡು ಬೀದಿ, ಅಷ್ಟೇ. ತಾತಂದಿರ ಕಾಲದಲ್ಲಿ ಗಡಿ ದಾಟಿ ಬಂದವರು. ಗಂಡಸರು ಕೆಲಸಕ್ಕೆ ಹೋಗಿ ಊರಿನ ಭಾಷೆ ಕಲಿತರು, ಮಕ್ಕಳು ಶಾಲೆಯಲ್ಲಿ ಕಲಿತರು. ಮನೆಯೊಳಗೇ ಉಳಿದ ಹೆಂಗಸರಿಗೆ ಮಾತ್ರ ಅದು ಎದುರು ಬೀದಿಯವರ ಹಾಗೆ, ಮುಖ ಗೊತ್ತು, ಮಾತುಕತೆ ಇಲ್ಲ. ಕಾಯಿಲೆ ಬಿದ್ದರೆ ಡಾಕ್ಟರು ಒಂದು ಕೇಳೋದು, ಇವರು ಇನ್ನೊಂದಕ್ಕೆ ತಲೆ ಆಡಿಸೋದು. ಟೇಲರಕ್ಕನ ತಾಯಿ ಹಾಗೆ ತಲೆ ಆಡಿಸುತ್ತಲೇ ಹೋಗಿಬಿಟ್ಟಳು.

ಅದಾದ ಮೇಲೆ ಟೇಲರಕ್ಕ ಸುಮ್ಮನೆ ಕೂರಲಿಲ್ಲ. ಎರಡೂ ಭಾಷೆ ಬಲ್ಲ ನಾಲ್ಕಾರು ಹೆಂಗಸರನ್ನು ತನ್ನ ಹೊಲಿಗೆ ಅಂಗಡಿಯಲ್ಲೇ ಸೇರಿಸಿ ಒಂದು ಸಂಘ ಕಟ್ಟಿದಳು. ಆಸ್ಪತ್ರೆಯವರು ಈ ಕೋಣೆಗೆ ಹೋಗಿ ಅಂದರು, ಆ ಕೋಣೆಗೆ ಹೋಗಿ ಅಂದರು, ನಾಳೆ ಬನ್ನಿ ಅಂದರು. ಅವಳು ನಾಳೆಯೂ ಹೋದಳು. ಕಡೆಗೆ ಅವಳ ಕಾಟ ತಾಳಲಾರದೆಯೋ ಏನೋ, ಒಪ್ಪಿದರು. ಜಾಗ, ತರಬೇತಿ ಆಸ್ಪತ್ರೆಯದು. ನಡುವೆ ಕೂತು ಮಾತು ದಾಟಿಸುವವರು ಸಂಘದವರು. ಬಾಗಿಲ ಮೇಲೆ ಇಬ್ಬರ ಹೆಸರೂ ಇದ್ದ ದೊಡ್ಡ ಬೋರ್ಡು ಬಿತ್ತು. ಅದನ್ನು ನೋಡಿ ಅವಳ ಓರಗಿತ್ತಿ, "ಅಲ್ಲಕ್ಕಾ, ಈ ಬೋರ್ಡಿಗೆ ಸುರಿದ ದುಡ್ಡಲ್ಲಿ ಕಾಲು ಅಲ್ಲಾಡದ ಕುರ್ಚಿನಾದ್ರೂ ತರಬಹುದಿತ್ತು" ಅಂದಿದ್ದಳು. ಓರಗಿತ್ತಿಯ ನಾಲಿಗೆಯೇ ಹಾಗೆ, ಯಾರನ್ನೂ ಬಿಡುತ್ತಿರಲಿಲ್ಲ.

ದೊಡ್ಡ ನರ್ಸಮ್ಮ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಬೇಕು. ನಿಮ್ಮದೊಂದು ಸೇರಿಸಬೇಡಿ, ಅವರದೊಂದು ಬಿಡಬೇಡಿ. ನಿಮ್ಮ ಮನೆಯವರು ರೋಗಿಯಾಗಿ ಬಂದರೆ ಬೇರೆಯವರನ್ನು ಕೂರಿಸಿ. ಹೇಳೋದೇನೋ ಸುಲಭ. ಆದರೆ ಆ ಎರಡು ಬೀದಿಯ ಜನ ಕೆಟ್ಟ ಕಾಯಿಲೆಯ ಹೆಸರನ್ನು ಕಾಯಿಲೆಯವರ ಮುಂದೆ ಎತ್ತುವವರೇ ಅಲ್ಲ. ಮನೆಯ ಹಿರಿಯರ ಕಿವಿಗೆ ಹಾಕಿದರೆ ಮುಗೀತು; ಯಾವಾಗ ಹೇಳಬೇಕು, ಎಷ್ಟು ಹೇಳಬೇಕು ಅನ್ನೋದು ಹಿರಿಯರಿಗೆ ಬಿಟ್ಟದ್ದು. ಬೇಕರಿ ಮನೆಯ ಸೊಸೆ, ಸಂಘದಲ್ಲಿ ಎಲ್ಲರಿಗಿಂತ ಚಿಕ್ಕವಳು, ಒಮ್ಮೆ ಒಬ್ಬ ಮುದುಕನಿಗೆ ಅರ್ಧ ನುಂಗಿ ಹೇಳಿದ್ದಕ್ಕೆ ಟೇಲರಕ್ಕ ಅವಳ ಚಳಿ ಬಿಡಿಸಿದ್ದಳು. "ಅವನ ಜೀವ, ಅವನಿಗೆ ಗೊತ್ತಾಗಬೇಕು. ಮರುಕ ಬಂದ್ರೆ ಆಚೆ ಹೋಗಿ ಅತ್ತು ಬಾ."

ಓರಗಿತ್ತಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು.

ಅವರಿಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಒಂದೇ ಒಲೆಯ ಮುಂದೆ ಜಗಳ ಆಡಿ, ಅದೇ ಒಲೆಯ ಮುಂದೆ ರಾಜಿ ಆದವರು. ಟೇಲರಕ್ಕನ ಗಂಡ ತೀರಿಕೊಂಡಾಗ, "ನೀನು ಎಲ್ಲಿಗೂ ಹೋಗಕೂಡದು, ನಿನ್ನ ಬಿಟ್ಟರೆ ನಾನು ಯಾರ ಮೇಲೆ ರೇಗಲಿ" ಅಂತ ಕೈ ಹಿಡಿದು ಕೂರಿಸಿಕೊಂಡವಳು ಅವಳು. ಮಕ್ಕಳಿಲ್ಲದ ಟೇಲರಕ್ಕನಿಗೆ ಅವಳ ಮಗಳೇ ಮಗಳು.

ಪರೀಕ್ಷೆಯ ಫಲಿತಾಂಶದ ದಿನ ನಡುವೆ ಕೂರಬೇಕಾಗಿದ್ದವಳು ಬೇಕರಿಯ ಸೊಸೆ. ಅವಳಿಗೆ ಜ್ವರ. ಮುಂದಿನ ವಾರ ಬನ್ನಿ ಅಂದರು ನರ್ಸಮ್ಮ. ಒಂದು ವಾರ ಯಾರು ಕಾಯೋದು, ಟೇಲರಕ್ಕನಿಗೆ ಒಂದು ಗಳಿಗೆ ಕಾಯುವ ತ್ರಾಣವೂ ಇರಲಿಲ್ಲ. "ನಾನೇ ಕೂರ್ತೀನಿ" ಅಂದಳು.

"ನಿಮ್ಮ ಮನೆಯವರಾ?"

"ನಮ್ಮ ಬೀದಿಯವರು" ಅಂದಳು ಟೇಲರಕ್ಕ. ಸುಳ್ಳೇನೂ ಅಲ್ಲವಲ್ಲ.

ಡಾಕ್ಟರು ಒಳ್ಳೆಯವನು, ಅವಸರ ಮಾಡಲಿಲ್ಲ. ಇದು ಕ್ಯಾನ್ಸರು ಅಂದ. ಇನ್ನೂ ಹರಡಿಲ್ಲ, ತಕ್ಷಣ ಆಪರೇಷನ್ ಮಾಡಿದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ತಡ ಮಾಡಿದರೆ ನಮ್ಮ ಕೈ ಮೀರುತ್ತದೆ ಅಂದ. ಪಕ್ಕದಲ್ಲಿ ಓರಗಿತ್ತಿ ಕಣ್ಣರಳಿಸಿಕೊಂಡು ಅವಳ ಬಾಯಿಯನ್ನೇ ನೋಡುತ್ತಿದ್ದಳು. ಆ ಮುಖ ನೋಡಿಕೊಂಡು ಆ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ.

"ಗಂಟಂತೆ. ತೆಗೆಸಬೇಕಂತೆ. ಬೇಗ ಆದ್ರೆ ಒಳ್ಳೇದಂತೆ."

"ಅಷ್ಟೇನಾ? ಅವರು ಅಷ್ಟು ಹೊತ್ತು ಮಾತಾಡಿದ್ರು?"

"ಡಾಕ್ಟರು ಅಲ್ವೇನೇ. ಸುತ್ತಿ ಬಳಸಿ ಹೇಳ್ತಾರೆ."

ಓರಗಿತ್ತಿ ಉಸಿರು ಬಿಟ್ಟಳು. "ಹಾಗಾದ್ರೆ ಮಗಳ ಹೆರಿಗೆ, ಬಾಣಂತನ ಮುಗಿಸಿ ಬರ್ತೀನಿ ಅನ್ನು. ಚೊಚ್ಚಲು. ನಾನು ಆಸ್ಪತ್ರೆ ಹಿಡಿದು ಮಲಗಿದ್ರೆ ಅವಳನ್ನ ಯಾರು ನೋಡ್ತಾರೆ?"

ಅದನ್ನು ಮಾತ್ರ ಟೇಲರಕ್ಕ ಚಾಚೂ ತಪ್ಪದೆ ದಾಟಿಸಿದಳು. ಡಾಕ್ಟರು ಹುಬ್ಬು ಗಂಟಿಕ್ಕಿ, "ಅಪಾಯ ಗೊತ್ತಾಗಿದೆ ತಾನೆ ಇವರಿಗೆ?" ಅಂತ ಕೇಳಿದ.

"ಗೊತ್ತಾಗಿದೆ" ಅಂದಳು.

ಅವಳನ್ನು ಕೆಟ್ಟವಳು ಅಂದುಕೊಳ್ಳಬೇಡಿ. ಮನೆಗೆ ಹೋಗಿ, ಊಟ ಹಾಕಿ, ಅವಳ ತೊಡೆಯ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳೋಣ ಅಂತಲೇ ಇದ್ದಳು. ಅವರ ಮನೆಗೆ ಈಗ ಹಿರಿಯಳು ಅವಳೇ ತಾನೆ? ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಿತ್ತು. ಮುಟ್ಟಿದ್ದು ಅಲ್ಲೇ ಕೂತುಬಿಟ್ಟಿತು. ಮನೆಯಲ್ಲಿ ತುಂಬು ಬಸುರಿ ಮಗಳು, ಅವಳ ಕಿವಿಗೆ ಬಿದ್ದರೆ? ಇವತ್ತು ಬೇಡ. ನಾಳೆ ನೆಂಟರು ಬರುತ್ತಾರೆ, ನಾಳೆಯೂ ಬೇಡ. ಮೈದುನನಿಗಾದರೂ ಹೇಳೋಣವೆಂದರೆ ಅವನು ಮುಖದಲ್ಲೇ ಎಲ್ಲ ತೋರಿಸಿಕೊಳ್ಳುವ ಪ್ರಾಣಿ. ಎಷ್ಟೋ ಸಲ ಮಾತು ಬಾಯಿಯವರೆಗೆ ಬಂತು, ಅಷ್ಟು ಸಲವೂ ನುಂಗಿಕೊಂಡಳು. ಬೇರೆಯವರ ಸೊಸೆಗೆ ಬುದ್ಧಿ ಹೇಳುವಾಗ ಇದ್ದ ಗಟ್ಟಿ ಗಂಟಲು ಎಲ್ಲಿ ಹೋಗಿತ್ತೋ.

ಹೆಣ್ಣು ಮಗು ಹುಟ್ಟಿತು. ಓರಗಿತ್ತಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾಣಂತನ ಮುಗಿಯುವ ಹೊತ್ತಿಗೆ, ಒಂದು ದಿನ ಮಗುವಿಗೆ ನೀರು ಹಾಕುವಾಗ ಅವಳ ಒಂದು ಕೈ ಮೇಲೇಳದ್ದನ್ನು ಟೇಲರಕ್ಕ ನೋಡಿದಳು. ಅವತ್ತೇ ಹಟ ಮಾಡಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಮತ್ತೆ ಪರೀಕ್ಷೆ ಆಯಿತು.

ಈ ಸಲ ನಡುವೆ ಬೇಕರಿಯ ಸೊಸೆ. ಟೇಲರಕ್ಕ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಡಾಕ್ಟರು ಸ್ಕ್ಯಾನಿನ ಫಿಲ್ಮು ಕೆಳಗಿಟ್ಟ. ಸೊಸೆ ತಗ್ಗಿದ ದನಿಯಲ್ಲಿ, ಒಂದೂ ಬಿಡದೆ ಹೇಳಿದಳು. "ಕ್ಯಾನ್ಸರು ಮೂಳೆಗೆ ಹೋಗಿದೆಯಂತೆ ಚಿಕ್ಕಮ್ಮ. ಇನ್ನು ಆಪರೇಷನ್ನಿಂದ ಉಪಯೋಗ ಇಲ್ಲವಂತೆ. ಬದುಕೋ ಅವಕಾಶ ಇದೆ, ತಡ ಮಾಡಬೇಡಿ ಅಂತ ಅವತ್ತೇ ಹೇಳಿದ್ರಂತೆ. ನಿಮಗೆ ಅದನ್ನ ಹೇಳಿರಲಿಲ್ವಾ ಅಂತ ಕೇಳ್ತಿದ್ದಾರೆ."

ಓರಗಿತ್ತಿ ತಿರುಗಿ ಟೇಲರಕ್ಕನನ್ನು ನೋಡಿದಳು. ಬೈಗುಳ ಇರಲಿಲ್ಲ ಆ ನೋಟದಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಡಾಕ್ಟರ ಕಡೆ ತಿರುಗಿ ಸೊಸೆಗೆ ಹೇಳಿದಳು. "ಎಲ್ಲಾ ಹೇಳಿದ್ದಳು ಅಂತ ಹೇಳಮ್ಮ. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ."

ಸೊಸೆ ಅದನ್ನೂ ಹಾಗೇ ದಾಟಿಸಿದಳು.

ಬಸ್ಸಿಗೆ ಕಾಯುವಾಗ ಟೇಲರಕ್ಕ ಅವಳ ಕೈ ಹಿಡಿಯಲು ಹೋದಳು. ಓರಗಿತ್ತಿ ಕೈ ಕೊಡಲಿಲ್ಲ.

"ನನ್ನ ಮೈ ಅಕ್ಕ ಅದು. ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀನು. ಬಾಣಂತನಕ್ಕೆ ಹತ್ತು ಜನ ಸಿಗ್ತಿದ್ರು."

"ನೀನು ಕುಗ್ಗಿ ಹೋಗ್ತೀಯ ಅಂತ ಕಣೆ. ನನ್ನ ಕೈಲಿ ಆಗಲಿಲ್ಲ." ಟೇಲರಕ್ಕನಿಗೆ ಅಳು ತಡೆಯಲಾಗಲಿಲ್ಲ. "ಮತ್ತೆ ಡಾಕ್ಟರಿಗೆ ಯಾಕೆ ಹಾಗಂದೆ?"

"ನಿನಗೋಸ್ಕರ ಅಂದುಕೋಬೇಡ. ಗೊತ್ತಾದ್ರೆ ನಮ್ಮೋರನ್ನ ಅಲ್ಲಿಂದ ಎಬ್ಬಿಸಿಬಿಡ್ತಾರೆ. ನಾಳೆ ನನ್ನ ಮಗಳು ಹೋಗಬೇಕು, ಇನ್ಯಾರೋ ಹೋಗಬೇಕು." ಬಸ್ಸು ಬರುವ ಕಡೆ ತಿರುಗಿ ನಿಂತಳು. "ಇನ್ಮೇಲೆ ನನ್ನ ಜೊತೆ ಒಳಗೆ ಬರಬೇಡ. ಆಚೆ ಕೂತಿರು."

ಮನೆಯಲ್ಲಿ ಮಾತು ನಿಲ್ಲಲಿಲ್ಲ. ಉಪ್ಪು ಕೊಡು, ಮಗು ಎತ್ತಿಕೋ, ಎಲ್ಲ ಇತ್ತು. ಓರಗಿತ್ತಿ ಗಂಡನನ್ನು ರೇಗಿಸುತ್ತಿದ್ದಳು, ಅಳಿಯನ ಕಾಲೆಳೆಯುತ್ತಿದ್ದಳು. ಟೇಲರಕ್ಕನನ್ನು ಮಾತ್ರ ಮತ್ತೆ ಗೇಲಿ ಮಾಡಲಿಲ್ಲ. ಒಂದೇ ಒಂದು ಸಲ ಮಾಡಲಿ ಅಂತ ಇವಳು ದಿನಾ ಕಾಯುತ್ತಿದ್ದಳು.

ಆಸ್ಪತ್ರೆಗೆ ಹೋದ ದಿನಗಳಲ್ಲಿ ಟೇಲರಕ್ಕ ಹೇಳಿಸಿಕೊಂಡ ಹಾಗೆ ಆಚೆ ಬೆಂಚಿನ ಮೇಲೆ ಕೂರುತ್ತಿದ್ದಳು. ಒಂದು ದಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಓರಗಿತ್ತಿ ಒಂದೊಂದೇ ಕೇಳುತ್ತಿದ್ದಳು. ನೋವು ಎಷ್ಟಿರುತ್ತೆ? ಕಡೆಯಲ್ಲಿ ಜನರ ಗುರುತು ಸಿಗುತ್ತಾ? ಡಾಕ್ಟರು ಹೇಳುತ್ತಿದ್ದ, ಸೊಸೆ ದಾಟಿಸುತ್ತಿದ್ದಳು.

"ಕೂಸು ಬಾಯಿ ಬಿಟ್ಟು ನನ್ನ ಅಜ್ಜಿ ಅನ್ನೋ ಹೊತ್ತಿಗೆ ನಾನಿರ್ತೀನಾ, ಅದನ್ನ ಕೇಳು."

ಸೊಸೆ ಕೇಳಿದಳು. ಡಾಕ್ಟರು ಊರಿನ ಭಾಷೆಯಲ್ಲಿ ಮೆಲ್ಲಗೆ ಉತ್ತರ ಕೊಟ್ಟ. ಬೆಂಚಿನ ಮೇಲಿದ್ದ ಟೇಲರಕ್ಕನಿಗೆ ಅದು ಓರಗಿತ್ತಿಗಿಂತ ಮೊದಲೇ ಅರ್ಥವಾಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದೊಂದನ್ನ ಬಿಟ್ಟುಬಿಡೇ, ನನ್ನ ತಾಯಿ, ಅದೊಂದನ್ನ ಹೇಳಬೇಡ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

"ಇರಲ್ಲವಂತೆ ಚಿಕ್ಕಮ್ಮ" ಅಂದಳು ಸೊಸೆ.

"ಸರಿ. ಡಾಕ್ಟರಿಗೆ ನನ್ನ ನಮಸ್ಕಾರ ಹೇಳಮ್ಮ" ಅಂದಳು ಓರಗಿತ್ತಿ.