ಡ್ಯಾಶ್‌ಬೋರ್ಡ್ ಯಾರ ಕಣ್ಣಿಗೆ?

ಎಂಬತ್ತೆಂಟನೇ ಇಸವಿಯಲ್ಲಿ ನನ್ನ ಗಂಡ ಪ್ರೇಮನಾಥರು ಕಾರು ಕಟ್ಟಿದರು. ಕೊಂಡದ್ದಲ್ಲ, ಕಟ್ಟಿದ್ದು. ಕೆಲಸ ಬಿಟ್ಟು ಇಂಗ್ಲೆಂಡಿಗೆ ಮರಳಿದ ಎಂಜಿನಿಯರೊಬ್ಬರು ಕೊಟ್ಟುಹೋದ ಪೆಟ್ಟಿಗೆಗಳಲ್ಲಿ ಫೈಬರ್ ಬಾಡಿ, ಚಾಸಿಸ್, ಬಾಗಿಲು ಎಲ್ಲ ಬಿಡಿಬಿಡಿಯಾಗಿತ್ತು. ಒಮಾನಿನ ವಾದಿ ಕಬೀರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ರಜೆಯ ಶುಕ್ರವಾರ ಬಂತೆಂದರೆ ಇವರು ಅದರೊಳಗೇ. ಗುಜರಿಯ ಎಂಜಿನ್ನನ್ನು ಗ್ಯಾರೇಜಿನ ಮೆಕ್ಯಾನಿಕ್ ಮೊಯ್ದು ಕೂರಿಸಿಕೊಟ್ಟ. ಉಳಿದದ್ದೆಲ್ಲ ಇವರದೇ ಕೈ. ನನಗೆ ಹೆಮ್ಮೆಯೋ ಹೆಮ್ಮೆ.

ಒಂದೇ ಕೊರತೆ, ಇವರಿಗೆ ಲೈಸೆನ್ಸ್ ಇರಲಿಲ್ಲ. ಟೆಸ್ಟಿಗೆ ಹೋದಾಗಲೆಲ್ಲ ಫೇಲ್. ನನಗೆ ಮೊದಲ ಸಲವೇ ಸಿಕ್ಕಿತ್ತು. ಅದನ್ನು ಅಲ್ಲಿದ್ದ ನಮ್ಮ ಊರಿನವರ ನಡುವೆ ಇವರು ತಾವೂ ಹೇಳಲಿಲ್ಲ, ನನಗೂ ಹೇಳಗೊಡಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಕಾರು ಓಡಿಸುವವಳು ಇವಳು ಎಂದು ಇವರ ಬಾಯಿಂದ, ನಾಲ್ಕು ಜನರೆದುರು ಕೇಳಬೇಕೆಂದು ನನಗೆ ಆಸೆ.

ಡ್ಯಾಶ್‌ಬೋರ್ಡ್ ಕೂರಿಸುವ ದಿನ ಬಂತು. ಪ್ಲೈವುಡ್ಡಿಗೆ ಕಪ್ಪು ರೆಕ್ಸಿನ್ ಅಂಟಿಸಿ, ಮೀಟರುಗಳನ್ನು ಕೂರಿಸಿಯಾಗಿತ್ತು. ಇವರು ಸ್ಟೀರಿಂಗ್ ಮುಂದೆ ಕೂತು ಹಲಗೆಯನ್ನು ಎತ್ತಿದರು, ಇಳಿಸಿದರು, ಒಂದು ಕಣ್ಣು ಮುಚ್ಚಿ ನೋಡಿದರು. "ಹಾಂ, ಬಿಗಿ ಮಾಡು" ಎಂದರು. ನಾನು ಕೆಳಗೆ ತೂರಿ ಸ್ಕ್ರೂ ಬಿಗಿದೆ. ಆಮೇಲೆ ನಾನು ಕೂತು ನೋಡಿದರೆ, ಸ್ಪೀಡೋಮೀಟರಿಗೆ ಸ್ಟೀರಿಂಗೇ ಅಡ್ಡ! ಇವರು ಆರಡಿ, ನಾನು ಕುಳ್ಳಿ.

"ನನಗೆ ಎಂಥದೂ ಕಾಣುದಿಲ್ಲ."

"ದಿಂಬು ಹಾಕಿ ಕೂತ್ಕೊ."

ಸಿಟ್ಟು ನೆತ್ತಿಗೇರಿತು. "ದಿಂಬು ಹಾಕ್ಲಿಕ್ಕೆ ಇದೇನು ಮಂಚವಾ? ಓಡಿಸುವವಳು ನಾನಲ್ವಾ?"

ಎಂಜಿನ್ ನೋಡಲು ಬಂದಿದ್ದ ಮೊಯ್ದು ನಕ್ಕುಬಿಟ್ಟ. "ಅಕ್ಕ ಹೇಳುದು ಸರಿ ಉಂಟು, ಪ್ರೇಮಣ್ಣ."

ಇವರು ಮುಖ ಊದಿಸಿಕೊಂಡು ಒಳಗೆ ಹೋದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ, ಇನ್ನು ಮುಗಿಯಿತು ಎಂದುಕೊಂಡೆ. ಆದರೆ ಚಾ ಕುಡಿದು ಬಂದವರೇ ಸ್ಕ್ರೂ ಬಿಚ್ಚಿದರು. ನನ್ನನ್ನು ಕೂರಿಸಿ, ತಾವು ಕೆಳಗೆ ತೂರಿ ಹಲಗೆ ಎತ್ತಿಹಿಡಿದರು.

"ಈಗ?"

"ಇನ್ನು ಸ್ವಲ್ಪ ಮೇಲೆ."

"ಈಗ ಕಾಣ್ತದಾ?"

"ಎಲ್ಲ ಕಾಣ್ತದೆ."

ನನ್ನ ಕಣ್ಣಿನ ಮಟ್ಟಕ್ಕೇ ಹೊಸ ತೂತು ಕೊರೆದು ಬಿಗಿದರು. ಕೈ ಒಪ್ಪಿತು, ಬಾಯಿ ಮಾತ್ರ ಒಪ್ಪಲಿಲ್ಲ.

ಕಾರಿಗೆ ನಂಬರ್ ಸಿಕ್ಕಿದ ಮೇಲೆ ಸೀಬ್ ಎಂಬ ಊರಿನಲ್ಲಿ ನಮ್ಮವರ ಊಟದ ಕೂಟಕ್ಕೆ ಹೊರಟೆವು. ಒಮಾನಿನಲ್ಲಿ ಸ್ಟೀರಿಂಗ್ ಎಡಗಡೆ. ಅಲ್ಲಿ ನಾನು, ಬಲಗಡೆ ಇವರು. ಗೇಟು ದಾಟುವಷ್ಟರಲ್ಲಿ ಜನ ಮುತ್ತಿಕೊಂಡರು. ಉಡುಪಿಯಿಂದ ಆ ವಾರವಷ್ಟೇ ಬಂದಿದ್ದ ಸಂಕಪ್ಪಣ್ಣ, ಊರಿನ ರೂಢಿಯಂತೆ ಬಲಗಡೆ ಇದ್ದವರೇ ಡ್ರೈವರ್ ಎಂದುಕೊಂಡು ಇವರ ಕೈ ಹಿಡಿದು ಕುಲುಕಿದರು.

"ಎಂಥ ಚಂದ ಓಡಿಸ್ತೀರಿ ಮಾರಾಯ್ರೆ!"

ಇವರು ಸುಮ್ಮನೆ ನಕ್ಕಿದ್ದರೆ ಆಗಿಹೋಗುತ್ತಿತ್ತು. ಆದರೆ ಇವರು ನನ್ನ ಕಡೆ ಒಮ್ಮೆ ನೋಡಿ, ಕೂಟಕ್ಕೆಲ್ಲ ಕೇಳುವ ಹಾಗೆ ಹೇಳಿದರು:

"ಓಡಿಸಿದ್ದು ಸ್ವರ್ಣಲತಾ. ನನಗೆ ಲೈಸೆನ್ಸೇ ಇಲ್ಲ ಸಂಕಪ್ಪಣ್ಣ, ನಾನು ಕಟ್ಟಿದವ. ಆಚೆ ಹೋಗಿ ಅವಳ ಸೀಟಲ್ಲಿ ಕೂತು ನೋಡಿ. ನನ್ನ ಕೆಲಸ ಅಲ್ಲಿಂದಲೇ ಸರಿ ಕಾಣುದು."